ಹಬ್ಬದ ಡಬ್ಬಿಯಲ್ಲಿ ಆಪತ್ಕಾಲದ ಗೆಳೆಯರು

ಒಣಹಣ್ಣಿನ ಡಬ್ಬಿ ವಾರದೊಳಗೆ ಖಾಲಿಯಾಗುತ್ತದೆ. ಅಷ್ಟೇ ಬೆಲೆಯ ಟಾರ್ಚು, ಸೀಟಿ, ಓಆರ್‌ಎಸ್ ಪೊಟ್ಟಣಗಳು ನೆರವು ಬರುವ ತನಕದ ಗಂಟೆಗಳನ್ನು ದಾಟಿಸುತ್ತವೆ. ಈ ದೀಪಾವಳಿಗೆ ಯಾರಿಗೆ ಏನು ಕೊಡಬೇಕು, ಹೇಗೆ ಕೊಡಬೇಕು?

2022ರ ಸೆಪ್ಟೆಂಬರ್ 5ರ ಬೆಳಗಾಗುವಾಗ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿತ್ತು. ಬೆಳ್ಳಂದೂರಿನ ಸುತ್ತಮುತ್ತ ದುಬಾರಿ ಕಾರುಗಳು ಕೆಸರುನೀರಿನಲ್ಲಿ ಅರೆಮುಳುಗಿ ನಿಂತಿದ್ದರೆ, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರಿನ ಟ್ರೇಲರ್ ಏರಿ ಕಚೇರಿಗೆ ಹೊರಟಿದ್ದರು. ವೃದ್ಧರನ್ನೂ ಮಕ್ಕಳನ್ನೂ ರಬ್ಬರ್ ದೋಣಿಗಳಲ್ಲಿ ಕೂರಿಸಿ ಮನೆಗಳಿಂದ ಹೊರತರಲಾಗುತ್ತಿತ್ತು. ನೆಲಮಾಳಿಗೆಗೆ ನೀರು ನುಗ್ಗಿದ ವಸತಿ ಸಮುಚ್ಚಯಗಳಲ್ಲಿ ವಿದ್ಯುತ್ ಹೋಗಿ, ಲಿಫ್ಟು ನಿಂತು, ಪಂಪು ಕೆಟ್ಟು, ಮೇಲಿನ ಮಹಡಿಗಳ ನಲ್ಲಿಗಳು ಒಣಗಿದ್ದವು.

ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ, ಕಾವೇರಿಯ ನೀರನ್ನು ರಾಜಧಾನಿಗೆ ಎತ್ತಿ ಕಳುಹಿಸುವ ಪಂಪಿಂಗ್ ಸ್ಟೇಷನ್ನಿನ ಯಂತ್ರಗಳು ಮಳೆನೀರಿನಲ್ಲಿ ಮುಳುಗಿದ್ದರಿಂದ, ನಗರದ ಎಷ್ಟೋ ಬಡಾವಣೆಗಳಿಗೆ ಕುಡಿಯುವ ನೀರಿನ ಪೂರೈಕೆಯೇ ನಿಂತುಹೋಯಿತು. ನೆರೆಯ ನಡುವೆಯೇ ನೀರಿನ ಬರ ಬಂದ ದಿನ ಅದು.

ಅಂಥ ಹೊತ್ತಿನಲ್ಲಿ ಒಂದು ಮನೆಗೆ ಬೇಕಾಗುವುದು ಕತ್ತಲ ಮೆಟ್ಟಿಲು ಇಳಿಯಲು ಕೈಗೆಟಕುವ ಟಾರ್ಚು, ಎರಡು ಮೂರು ದಿನಕ್ಕೆ ಸಾಲುವಷ್ಟು ಮುಚ್ಚಿಟ್ಟ ಕುಡಿಯುವ ನೀರು, ಚಾರ್ಜು ಉಳಿದಿರುವ ಪವರ್ ಬ್ಯಾಂಕು, ನೆನೆಯದಂತೆ ಕಟ್ಟಿಟ್ಟ ಕಾಗದಪತ್ರಗಳು. ಇವುಗಳಲ್ಲಿ ಯಾವುದೂ ಶ್ರೀಮಂತರ ವಸ್ತುವಲ್ಲ, ಯಾವುದಕ್ಕೂ ವಿಶೇಷ ಪರಿಣತಿ ಬೇಕಿಲ್ಲ. ಆದರೂ ಕೋಟಿ ಬೆಲೆಯ ಮನೆಗಳಲ್ಲೂ ಇವು ಒಟ್ಟಿಗೆ ಒಂದು ಕಡೆ ಸಿಗುವುದು ಅಪರೂಪ.

ದೀಪಾವಳಿಯ ಹೊತ್ತಿಗೆ ಕಚೇರಿಗಳಿಂದ, ಬಂಧುಗಳಿಂದ, ಗೆಳೆಯರಿಂದ ಮನೆಮನೆಗೆ ಉಡುಗೊರೆಗಳು ಹರಿಯತೊಡಗುತ್ತವೆ. ಅದರಲ್ಲಿ ಒಂದು ಪಾಲನ್ನು ಆಪತ್ಕಾಲದ ಸಣ್ಣ ಸಾಮಾನುಗಳಿಗೆ ತಿರುಗಿಸುವುದು ಸಾಧ್ಯವೂ ಹೌದು, ಅಗತ್ಯವೂ ಹೌದು ಎಂಬುದು ಈ ಲೇಖನದ ನಿಲುವು.

ತಾನಾಗಿ ಕೊಳ್ಳದ್ದು, ಕೊಟ್ಟರೆ ಉಳಿಯುವುದು

ಆಪತ್ತಿನ ಸಾಮಾನನ್ನು ಜನ ತಮಗಾಗಿ ಕೊಂಡುಕೊಳ್ಳುವುದು ಕಡಿಮೆ. ಕೆಟ್ಟದ್ದು ಇತರರಿಗೆ ಆಗಬಹುದು, ತನಗೆ ಆಗುವ ಸಂಭವ ಕಡಿಮೆ ಎಂದು ಮನುಷ್ಯ ಸಹಜವಾಗಿ ಅಂದುಕೊಳ್ಳುತ್ತಾನೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೀನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು; ಈ ಒಲವನ್ನು ಮನಶ್ಶಾಸ್ತ್ರವು ವಾಸ್ತವಕ್ಕೆ ಮೀರಿದ ಆಶಾವಾದವೆಂದು ಕರೆಯುತ್ತದೆ. ಇದರ ಫಲವಾಗಿ, ಟಾರ್ಚು ಬೇಕೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ಅಂಗಡಿಗೆ ಹೋದಾಗ ಅದು ಯಾರ ಚೀಟಿಯಲ್ಲೂ ಇರುವುದಿಲ್ಲ.

ಉಡುಗೊರೆ ಈ ಗಂಟನ್ನು ಸಲೀಸಾಗಿ ಬಿಡಿಸುತ್ತದೆ. ಪಡೆಯುವವರು ತಮ್ಮ ಭಯವನ್ನು ಒಪ್ಪಿಕೊಳ್ಳಬೇಕಾಗಿಲ್ಲ, ಕೊಡುವವರ ಪ್ರೀತಿಯನ್ನು ಒಪ್ಪಿಕೊಂಡರೆ ಸಾಕು. ಮಗಳು ತಂದುಕೊಟ್ಟ ಟಾರ್ಚನ್ನು ತಾಯಿ ಎಸೆಯುವುದಿಲ್ಲ, ಹಾಸಿಗೆಯ ಬಳಿಯೇ ಇಟ್ಟುಕೊಳ್ಳುತ್ತಾಳೆ.

ಸಣ್ಣ ಸಾಮಾನಿಗೆ ಇಷ್ಟೊಂದು ತೂಕ ಏಕೆಂಬ ಪ್ರಶ್ನೆಗೆ ಜಪಾನಿನಲ್ಲಿ ಉತ್ತರವಿದೆ. 1995ರ ಜನವರಿ 17ರ ಮುಂಜಾನೆ 5 ಗಂಟೆ 46 ನಿಮಿಷಕ್ಕೆ ಕೋಬೆ ನಗರವನ್ನು ಕೆಡವಿದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಹೊರೆಯವರು. ರಕ್ಷಣಾ ಪಡೆ ಎಷ್ಟೇ ದಕ್ಷವಾಗಿದ್ದರೂ ಒಂದೇ ಗಳಿಗೆಯಲ್ಲಿ ಎಲ್ಲ ಬೀದಿಗಳಿಗೂ ತಲುಪಲಾರದು.

ಅದಕ್ಕಾಗಿ ಅಲ್ಲಿನವರು ನೆರವನ್ನು ಮೂರು ಪದರವಾಗಿ ವಿಂಗಡಿಸುತ್ತಾರೆ: ಮನೆಯವರು ತಮಗೆ ತಾವೇ ಮಾಡಿಕೊಳ್ಳುವ ನೆರವು, ನೆರೆಹೊರೆಯವರು ಪರಸ್ಪರ ಮಾಡುವ ನೆರವು, ಕೊನೆಗೆ ಸರ್ಕಾರದ ನೆರವು. 1923ರ ಮಹಾ ಕಾಂಟೊ ಭೂಕಂಪದ ನೆನಪಿಗೆ 1960ರಿಂದ ಪ್ರತಿ ಸೆಪ್ಟೆಂಬರ್ 1ರಂದು ಆಚರಿಸುವ ವಿಪತ್ತು ತಡೆ ದಿನದಂದು ಶಾಲೆ, ಕಚೇರಿ, ಬಡಾವಣೆಗಳಲ್ಲಿ ತಾಲೀಮು ನಡೆಯುತ್ತದೆ.

ಕರ್ನಾಟಕಕ್ಕೂ ಈ ಪಾಠ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲುಗಳ ಕಡೆ ಬೆಟ್ಟಗಳು ಜಾರಿ, ಮಡಿಕೇರಿಯಿಂದ ಮಂಗಳೂರಿಗಿಳಿಯುವ ಹೆದ್ದಾರಿಯೇ ಕಡಿದುಹೋದಾಗ, ಹಲವು ಹಳ್ಳಿಗಳು ಹೊರಜಗತ್ತಿನಿಂದ ಬೇರ್ಪಟ್ಟವು. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರಗಳ ನೆರೆಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿತದಲ್ಲಿ ನೆಲವೂ ನೀರೂ ಇದೇ ಮಾತನ್ನು ಮತ್ತೆ ಹೇಳಿದವು.

ಬೆಳಕು: ಕೈಯಲ್ಲಲ್ಲ, ತಲೆಯ ಮೇಲೆ

ಉಡುಗೊರೆಗಳಲ್ಲಿ ಮೊದಲ ಸ್ಥಾನ ಟಾರ್ಚಿಗೆ ಸಲ್ಲಬೇಕು, ಅದರಲ್ಲೂ ತಲೆಗೆ ಕಟ್ಟಿಕೊಳ್ಳುವ ಟಾರ್ಚಿಗೆ. ಕತ್ತಲಲ್ಲಿ ಮಗುವನ್ನು ಎತ್ತಿಕೊಳ್ಳಲು, ಅಜ್ಜಿಯ ಕೈ ಹಿಡಿಯಲು, ಮೈನ್ ಸ್ವಿಚ್ ಆರಿಸಲು, ಗಾಯಕ್ಕೆ ಬಟ್ಟೆ ಸುತ್ತಲು ಎರಡೂ ಕೈ ಬೇಕು. ಕೈಯಲ್ಲಿ ಹಿಡಿಯುವ ಟಾರ್ಚು ಅದರಲ್ಲಿ ಒಂದನ್ನು ಕಸಿದುಕೊಳ್ಳುತ್ತದೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಇದು ಸಾಧಾರಣ ದಿನಗಳಲ್ಲೂ ಜೀವರಕ್ಷಕ, ಏಕೆಂದರೆ ಕಟ್ಟುಹಾವಿನಂಥ ವಿಷದ ಹಾವುಗಳು ಓಡಾಡುವುದೇ ರಾತ್ರಿ, ಮೆಟ್ಟಿದ ಮೇಲೆ ಕಾಣುವುದಕ್ಕಿಂತ ಮೆಟ್ಟುವ ಮೊದಲು ಕಾಣುವುದು ಮೇಲು.

ಮೊಬೈಲಿನ ಬೆಳಕೇ ಸಾಲದೇ ಎಂದು ಕೇಳುವವರುಂಟು. ಆಪತ್ತಿನಲ್ಲಿ ಮೊಬೈಲು ಹೊರಜಗತ್ತಿನೊಂದಿಗಿನ ಏಕೈಕ ಕೊಂಡಿಯಾಗಿ ಉಳಿಯುವುದರಿಂದ, ಅದರ ಬ್ಯಾಟರಿಯನ್ನು ಮೆಟ್ಟಿಲು ಬೆಳಗಲು ಖರ್ಚು ಮಾಡುವುದು ಕೊಂಡಿಯನ್ನೇ ಕತ್ತರಿಸಿಕೊಂಡಂತೆ.

ಟಾರ್ಚು ಕೊಡುವವರು ತಿಳಿದಿರಬೇಕಾದ ಸೂಕ್ಷ್ಮವೊಂದಿದೆ. ಪೆನ್ ಸೆಲ್ಲುಗಳನ್ನು ಒಳಗೇ ಬಿಟ್ಟು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಸೆಲ್ಲಿನೊಳಗಿನ ಕ್ಷಾರ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿಯ ಹುಡಿ ಕಟ್ಟಿ, ಲೋಹ ತಿಂದುಹೋಗಿ, ಬೇಕಾದ ರಾತ್ರಿ ಗುಂಡಿ ಒತ್ತಿದರೆ ಬೆಳಕು ಬರುವುದಿಲ್ಲ. ಆದ್ದರಿಂದ ಸೆಲ್ಲುಗಳನ್ನು ಪುಟ್ಟ ಜಿಪ್ ಕವರಿನಲ್ಲಿ ಹಾಕಿ ರಬ್ಬರ್ ಬ್ಯಾಂಡಿನಿಂದ ಟಾರ್ಚಿಗೇ ಬಿಗಿದು ಕೊಡುವುದು ಒಳ್ಳೆಯದು. ಚಾರ್ಜು ಮಾಡಲಾಗದ ಲಿಥಿಯಂ ಸೆಲ್ಲುಗಳು ಬೆಲೆಯಲ್ಲಿ ಹೆಚ್ಚಾದರೂ ಸೋರುವುದು ತೀರ ಕಡಿಮೆ, ಹತ್ತು ವರ್ಷಕ್ಕೂ ಮೀರಿ ಶಕ್ತಿ ಹಿಡಿದಿಟ್ಟುಕೊಳ್ಳುತ್ತವೆ. ಒಳಗೇ ಬ್ಯಾಟರಿಯಿರುವ ಚಾರ್ಜಿನ ಟಾರ್ಚು ದಿನವೂ ಬಳಸುವ ಮನೆಗೆ ಸರಿ. ಮೂಲೆಯಲ್ಲಿಡುವ ಮನೆಗೆ ಸೆಲ್ಲು ಹಾಕುವ ಟಾರ್ಚೇ ಸರಿ.

ಸೀಟಿ ಎಂಬ ಅತಿ ಅಗ್ಗದ ಕೊಡುಗೆ

ಕೆಲವೇ ಗ್ರಾಂ ತೂಗುವ ಪ್ಲಾಸ್ಟಿಕ್ ಸೀಟಿಯನ್ನು ಉಡುಗೊರೆಯೆಂದು ಕೊಡಲು ಸಂಕೋಚವಾಗಬಹುದು. ಆದರೆ ಅವಶೇಷದಡಿ ಸಿಕ್ಕಿಕೊಂಡವರು, ಮಂಜು ಕವಿದ ಬೆಟ್ಟದಲ್ಲಿ ದಾರಿ ತಪ್ಪಿದವರು, ನೀರು ಏರುತ್ತಿರುವ ಮನೆಯ ಮಾಳಿಗೆ ಹತ್ತಿದವರು ಕೂಗಿಯೇ ಕರೆಯಬೇಕಾದಾಗ, ಕೆಲವೇ ನಿಮಿಷಗಳಲ್ಲಿ ಗಂಟಲು ಒಣಗುತ್ತದೆ, ಪ್ರತಿ ಕೂಗಿಗೂ ಧೂಳು ಒಳಗೆ ಹೋಗುತ್ತದೆ, ದನಿ ಮಳೆಯ ಸದ್ದಿನಲ್ಲಿ ಕರಗಿಹೋಗುತ್ತದೆ. ಸೀಟಿಯ ಕೀರಲು ದನಿ ಆ ಸದ್ದನ್ನು ಸೀಳಿಕೊಂಡು ಹೋಗುತ್ತದೆ, ಅದಕ್ಕೆ ಸಾಮಾನ್ಯ ಉಸಿರು ಸಾಕು.

ಆರಿಸುವಾಗ ಒಳಗೆ ಗುಂಡು ಇಲ್ಲದ ಸೀಟಿಯನ್ನೇ ಆರಿಸಬೇಕು. ಹಳೆಯ ಮಾದರಿಯ ಸೀಟಿಯಲ್ಲಿ ಪುಟ್ಟ ಗುಂಡೊಂದು ತಿರುಗುತ್ತಿರುತ್ತದೆ; ನೀರು, ಕೆಸರು, ಎಂಜಲು ಸೇರಿದರೆ ಅದು ಅಂಟಿಕೊಂಡು ಸದ್ದೇ ಹೊರಡುವುದಿಲ್ಲ. ಕೆನಡಾದ ಬ್ಯಾಸ್ಕೆಟ್‌ಬಾಲ್ ತೀರ್ಪುಗಾರ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ತುಂಬಿದ ಕ್ರೀಡಾಂಗಣದಲ್ಲಿ ಇದೇ ಅನುಭವವಾಗಿ, ಅವರು ಗುಂಡಿಲ್ಲದ ಸೀಟಿಯೊಂದನ್ನು ರೂಪಿಸಿ 1987ರಲ್ಲಿ ಬಳಕೆಗೆ ತಂದರು. ಪಕ್ಕಪಕ್ಕದ ಕಿರುಕೋಣೆಗಳಿಂದ ಏಕಕಾಲಕ್ಕೆ ಹೊರಡುವ ಬೇರೆ ಬೇರೆ ಸ್ವರಗಳು ಸೇರಿ ಕಿವಿಗಡಚಿಕ್ಕುವ ಸದ್ದಾಗುವುದು ಅದರ ಗುಟ್ಟು. ಇಂದು ಪರ್ವತಾರೋಹಿಗಳೂ ರಕ್ಷಣಾ ಪಡೆಗಳೂ ಬಳಸುವ ಸೀಟಿಗಳು ಬಹುತೇಕ ಇದೇ ತತ್ವದವು.

ಊದುವ ಕ್ರಮವನ್ನೂ ಕಲಿಸಿಕೊಡಬೇಕು. ಪರ್ವತ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಸಂಕೇತದ ಪ್ರಕಾರ ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದುತ್ತಾರೆ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಊದಿ ಉತ್ತರಿಸುತ್ತಾರೆ. ನಡುವಿನ ಮೌನ ಮುಖ್ಯ, ಉತ್ತರ ಕೇಳಿಸುವುದು ಆಗಲೇ. ಸೀಟಿ ಇರಬೇಕಾದ ಜಾಗ ಬೀರುವಲ್ಲ. ಬೀಗದ ಕೈ ಗೊಂಚಲು, ಮಗುವಿನ ಶಾಲಾ ಚೀಲದ ಪಟ್ಟಿ, ಮಂಚದ ಪಕ್ಕದ ಮೊಳೆ.

ನೀರು ತುಂಬುವ ಹಬ್ಬದ ದಿನ

ವಿಪತ್ತಿನ ನೆರವಿಗೆ ಜಗತ್ತಿನಾದ್ಯಂತ ಆಧಾರವಾಗಿರುವ ಸ್ಫಿಯರ್ ಮಾನದಂಡಗಳ ಪ್ರಕಾರ, ಕುಡಿಯಲು ಮತ್ತು ಆಹಾರಕ್ಕೆ ಒಬ್ಬರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಬೇಕು, ಅಡುಗೆ ಮತ್ತು ಶುಚಿತ್ವವೂ ಸೇರಿದರೆ ಸುಮಾರು 15 ಲೀಟರ್. ನಾಲ್ವರ ಮನೆಗೆ ಮೂರು ದಿನಕ್ಕೆ ಕುಡಿಯುವುದಕ್ಕೇ ಮೂವತ್ತಾರು ಲೀಟರ್ ಬೇಕಾಗುತ್ತದೆಂದು ಲೆಕ್ಕ ಹಾಕಿದಾಗ, ನಲ್ಲಿಯಿರುವ ಇಪ್ಪತ್ತು ಲೀಟರಿನ ಮುಚ್ಚಳದ ಕ್ಯಾನು ಬೆಳ್ಳಿಬಣ್ಣದ ತಟ್ಟೆಗಿಂತ ಹೇಗೆ ಒಳ್ಳೆಯ ಉಡುಗೊರೆಯೆಂಬುದು ತಿಳಿಯುತ್ತದೆ.

ಕ್ಯಾನಿನ ಜೊತೆಗೆ ಕ್ಲೋರಿನ್ ಮಾತ್ರೆಗಳ ಒಂದು ಪಟ್ಟಿ ಸೇರಿದರೆ ಉಡುಗೊರೆ ಪೂರ್ಣ. ನೆರೆ ಬಂದಾಗ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹಂಚುವುದು ಇದನ್ನೇ. ಕದಡಿದ ನೀರನ್ನು ಮೊದಲು ಮಡಿಸಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಹೇಳಿದ ಅಳತೆಯ ನೀರಿಗೆ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಕೆಸರಿರುವ ನೀರಿನಲ್ಲಿ ಕ್ಲೋರಿನ್ ಕೊಳೆಗೇ ಖರ್ಚಾಗಿ ರೋಗಾಣುಗಳಿಗೆ ಉಳಿಯುವುದಿಲ್ಲವಾದ್ದರಿಂದ ಸೋಸುವುದನ್ನು ಬಿಡುವಂತಿಲ್ಲ.

ಕನ್ನಡನಾಡಿನ ದೀಪಾವಳಿಗೆ ಇಲ್ಲಿ ಒಂದು ಅನುಕೂಲವಿದೆ. ನರಕಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಅಲಂಕರಿಸಿ, ಹೊಸ ನೀರು ತುಂಬಿ ಪೂಜಿಸುವ ನೀರು ತುಂಬುವ ಹಬ್ಬ ಈಗಲೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಹಂಡೆಯ ಜಾಗಕ್ಕೆ ಗೀಸರು ಬಂದ ಮನೆಗಳಲ್ಲೂ ಆ ಸಂಜೆ ಕ್ಯಾನಿನ ಹಳೆಯ ನೀರನ್ನು ಗಿಡಗಳಿಗೆ ಸುರಿದು, ತೊಳೆದು, ಹೊಸದಾಗಿ ತುಂಬಿಟ್ಟರೆ ಸಂಪ್ರದಾಯವೂ ನಡೆಯಿತು, ಮುನ್ನೆಚ್ಚರಿಕೆಯೂ ಆಯಿತು.

ಇಪ್ಪತ್ತೂವರೆ ಗ್ರಾಂ ಪುಡಿಯ ಚರಿತ್ರೆ

ನೀರು ಕೆಟ್ಟ ಕಡೆ ವಾಂತಿಭೇದಿ ಬರುತ್ತದೆ. ವಾಂತಿಭೇದಿಯಲ್ಲಿ ಕೊಲ್ಲುವುದು ಬಹುಮಟ್ಟಿಗೆ ಮೈಯಿಂದ ಹರಿದುಹೋಗುವ ನೀರು ಮತ್ತು ಲವಣ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸಕ್ಕರೆಯಂಶದ ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸತೊಡಗಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ತಜ್ಞರಿಲ್ಲದೆ, ಸೂಜಿಯಿಲ್ಲದೆ, ಮನೆಯವರೇ ಕೊಡಬಹುದಾದ ಚಿಕಿತ್ಸೆಯೆಂದು ಸಾಬೀತಾದ ಆ ದ್ರಾವಣದ ಮುಂದಿನ ರೂಪವೇ ಇಂದಿನ ಓಆರ್‌ಎಸ್, ಅಂದರೆ ಬಾಯಿಯ ಮೂಲಕ ಕೊಡುವ ಮರುಜಲೀಕರಣ ಲವಣ. ಮಹಾಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂಥ ಚರಿತ್ರೆಯ ಹತ್ತು ಪೊಟ್ಟಣಗಳನ್ನು ಸಿಹಿ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಡುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

▌ ಬಾಕ್ಸ್: ಪೊಟ್ಟಣದ ಹಿಂಬದಿ ಓದಿ
ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪೊಟ್ಟಣದ ತೂಕ 20.5 ಗ್ರಾಂ, ಬೆರೆಸಬೇಕಾದದ್ದು ಒಂದು ಲೀಟರ್ ನೀರಿಗೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ ಇರುತ್ತದೆ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಅರ್ಧ ಲೋಟಕ್ಕೆ ಪೂರ್ತಿ ಪೊಟ್ಟಣ ಸುರಿದರೆ ಲವಣ ಹೆಚ್ಚಾಗಿ ಅಪಾಯವಾಗುತ್ತದೆ. ಬೆರೆಸಿದ ನೀರನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು.

ಅಡುಗೆಮನೆಗೆ, ಪಟಾಕಿಯ ಅಂಗಳಕ್ಕೆ

ಪ್ರವಾಹ ಎಲ್ಲರ ಮನೆಗೂ ಬರುವುದಿಲ್ಲ, ಆದರೆ ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತದೆ. ಸಿಲಿಂಡರಿನಿಂದ ಒಲೆಗೆ ಅನಿಲ ಸಾಗಿಸುವ ರಬ್ಬರ್ ಕೊಳವೆಯನ್ನು ಎಷ್ಟೋ ಮನೆಗಳಲ್ಲಿ ಒಲೆ ತಂದ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಒಳಗೆ ಉಕ್ಕಿನ ತಂತಿ ಹೆಣೆದ, ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ನಿಯಮ; ಕೊಳವೆಯ ಮೈಮೇಲೆ ಐಎಸ್‌ಐ ಗುರುತೂ ತಯಾರಾದ ವರ್ಷವೂ ಅಚ್ಚಾಗಿರುತ್ತವೆ.

ಒಂಟಿಯಾಗಿರುವ ಹಿರಿಯರ ಮನೆಗೆ ಹಬ್ಬಕ್ಕೆ ಹೋದಾಗ ಆ ವರ್ಷವನ್ನು ಓದಿ, ಅವಧಿ ಮೀರಿದ್ದರೆ ಗ್ಯಾಸ್ ಏಜೆನ್ಸಿಯಿಂದ ಹೊಸ ಟ್ಯೂಬು ತರಿಸಿ, ಅವರ ಮೆಕ್ಯಾನಿಕ್ಕಿನಿಂದಲೇ ಹಾಕಿಸಿಕೊಡುವುದು ಕೆಲವೇ ನೂರು ರೂಪಾಯಿಗಳ ಕೆಲಸ. ಹೊಳೆಯುವ ಕಾಗದದಲ್ಲಿ ಸುತ್ತಲಾಗದ ಈ ಉಡುಗೊರೆ, ಈ ಲೇಖನ ಹೆಸರಿಸುವ ಎಲ್ಲದರಲ್ಲಿ ಅತ್ಯಂತ ಉಪಯುಕ್ತವಾದವುಗಳಲ್ಲೊಂದು.

ಬಾಣಲೆಯ ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹಾಕಿದರೆ, ಎಣ್ಣೆಯಡಿಗೆ ಇಳಿದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎರಚುತ್ತದೆ. ಇದಕ್ಕೆ ಗಾಜಿನ ನಾರಿನಿಂದ ನೇಯ್ದ, ಸುಮಾರು ಒಂದು ಮೀಟರ್ ಅಗಲದ ಬೆಂಕಿಗಂಬಳಿ ಸಿಗುತ್ತದೆ. ಒಲೆ ಆರಿಸಿ, ಗಂಬಳಿಯ ಅಂಚನ್ನು ಕೈಗೆ ಸುತ್ತಿಕೊಂಡು ಬಾಣಲೆಯ ಮೇಲೆ ಹೊದಿಸಿ, ಪೂರ್ತಿ ತಣಿಯುವ ತನಕ ತೆಗೆಯದೆ ಬಿಡಬೇಕು. ಹೊಸದಾಗಿ ಮನೆ ಹೂಡಿದ ದಂಪತಿಗೆ ಇದು ಹೇಳಿ ಮಾಡಿಸಿದ ಕೊಡುಗೆ.

ಬಹುಮಹಡಿಯ ಮನೆಗಳಿಗೆ ಹೊಗೆ ಪತ್ತೆಹಚ್ಚಿ ಕೂಗುವ ಬ್ಯಾಟರಿ ಅಲಾರಂ ಕೊಡಬಹುದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿ ಒಂಬತ್ತು ಜನ ಪ್ರಾಣ ಕಳೆದುಕೊಂಡಾಗ, ಜನರನ್ನು ಕಂಗೆಡಿಸಿ ಕಿಟಕಿಗಳತ್ತ ಅಟ್ಟಿದ್ದು ಮಹಡಿಗಳನ್ನು ತುಂಬಿಕೊಂಡ ದಟ್ಟ ಹೊಗೆ. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ, ಅಲಾರಂ ಎಬ್ಬಿಸುತ್ತದೆ.

ದೀಪಾವಳಿಯದೇ ಆದ ಅಪಾಯವಂತೂ ಕಣ್ಣೆದುರಿಗಿದೆ. ಶತಮಾನ ದಾಟಿದ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ಪ್ರತಿವರ್ಷ ಈ ದಿನಗಳಲ್ಲಿ ಪಟಾಕಿಯಿಂದ ಗಾಯಗೊಂಡವರಿಗಾಗಿಯೇ ಸಜ್ಜಾಗಿರಬೇಕಾಗುತ್ತದೆ. ಬಂದವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ದಾರಿಹೋಕರೂ ಇರುತ್ತಾರೆ. ಪಾಲಿಕಾರ್ಬೊನೇಟಿನ ಸುರಕ್ಷಾ ಕನ್ನಡಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಸುರುಸುರುಬತ್ತಿ ಪೆಟ್ಟಿಗೆಯ ಆಸುಪಾಸಿನ ಬೆಲೆಗೆ ಸಿಗುವಾಗ, ಮಕ್ಕಳಿಗೆ ಪಟಾಕಿ ತರುವ ಮಾವನೋ ಚಿಕ್ಕಪ್ಪನೋ ಅದನ್ನೂ ತರಬೇಕೆಂದು ಒತ್ತಾಯಿಸುವುದು ಅತಿಯಲ್ಲ.

ಸುಟ್ಟ ಗಾಯಕ್ಕೆ ಮುಲಾಮಿನ ಪೆಟ್ಟಿಗೆ ಕೊಡುವ ಮೊದಲು ಒಂದು ಮಾತು ಹೇಳಿಕೊಟ್ಟರೆ ಹೆಚ್ಚು ಪ್ರಯೋಜನ: ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದೇ ಮೊದಲ ಚಿಕಿತ್ಸೆ, ಟೂತ್‌ಪೇಸ್ಟು, ಇಂಕು, ಮಂಜುಗಡ್ಡೆ ಯಾವುದೂ ಸಲ್ಲದು.

ಸುದ್ದಿ, ಕಾಗದ, ರೊಟ್ಟಿ

ಪವರ್ ಬ್ಯಾಂಕು ಕೊಡುವವರು ಅದರ ಮೇಲಿನ ಸಂಖ್ಯೆಯನ್ನು ಪೂರ್ತಿ ನಂಬಬಾರದು. 10,000 ಎಂಎಎಚ್ ಎಂಬುದು ಒಳಗಿನ ಬ್ಯಾಟರಿಯ 3.7 ವೋಲ್ಟಿನ ಲೆಕ್ಕ. ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಏರಿಸುವಾಗ, ನಡುವೆ ಶಾಖವಾಗಿ ಹೋಗುವುದೂ ಸೇರಿ, ಕೈಗೆ ಸಿಗುವುದು ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಬಿಐಎಸ್ ನೋಂದಣಿ ಗುರುತಿಲ್ಲದ ಅಗ್ಗದ ಮಾಲು ಸ್ವತಃ ಬೆಂಕಿಗೆ ಕಾರಣವಾಗಬಹುದಾದ್ದರಿಂದ ಇಲ್ಲಿ ಉಳಿತಾಯ ಬೇಡ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿ ಹಲವರು ಬೆಚ್ಚಿದ್ದುಂಟು. ಅದು ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಎಚ್ಚರಿಕೆ ತಲುಪಿಸುವ ಸೆಲ್ ಪ್ರಸಾರ ವ್ಯವಸ್ಥೆಯ ಪರೀಕ್ಷೆ. ಆದರೆ ಟವರಿಗೆ ವಿದ್ಯುತ್ ಹೋಗಿ, ಅದರ ಬ್ಯಾಟರಿಯೂ ಮುಗಿದ ಮೇಲೆ ಎಚ್ಚರಿಕೆ ಬರುವ ದಾರಿ ಮುಚ್ಚುತ್ತದೆ. ಆಗ ಎರಡು ಸೆಲ್ಲಿನ ಪುಟ್ಟ ರೇಡಿಯೊ ದೂರದ ಆಕಾಶವಾಣಿ ಕೇಂದ್ರದ ಸುದ್ದಿಯನ್ನು ಹಿಡಿದುಕೊಡಬಲ್ಲದು. ರೇಡಿಯೊ ಕೇಳುವ ಹಿರಿಯರಿರುವ ಮನೆಗೆ ಇದು ದಿನನಿತ್ಯವೂ ಸಂತೋಷ ಕೊಡುವ ವಸ್ತು.

ನೆರೆಯಲ್ಲಿ ಕೊಚ್ಚಿಹೋದ ಕಾಗದಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸಂಕಟ ನೀರಿಳಿದ ಮೇಲೆ ಶುರುವಾಗುತ್ತದೆ. ಪಹಣಿ ಈಗ ಕಂಪ್ಯೂಟರಿನಲ್ಲಿದೆ, ಮತ್ತೆ ಪಡೆಯಬಹುದು. ಕೈಬರಹದ ಪಾಲುಪಟ್ಟಿ, ಹಳೆಯ ಕ್ರಯಪತ್ರದ ಮೂಲ, ಚಿಕಿತ್ಸೆಯ ಚೀಟಿಗಳು, ಮದುವೆಯ ಫೋಟೊ ಹಾಗಲ್ಲ. ಅಂಚು ಮಡಿಸಿ ಮುಚ್ಚುವ, ನೀರು ಹೊಗದ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟು, ಕೊಟ್ಟ ದಿನವೇ ಮನೆಯವರ ಜೊತೆ ಕುಳಿತು ಅದನ್ನು ತುಂಬಿಸಿ, ಪ್ರತಿ ಕಾಗದದ ಫೋಟೊವನ್ನು ಊರಾಚೆಯ ಬಂಧುವೊಬ್ಬರ ಫೋನಿಗೆ ಕಳುಹಿಸಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಇನ್ನು ಆಹಾರ. ವಿದೇಶಿ ಡಬ್ಬಿಯೂಟಕ್ಕೆ ಹಣ ಸುರಿಯುವ ಅಗತ್ಯ ಕನ್ನಡಿಗರಿಗೆ ಇಲ್ಲವೇ ಇಲ್ಲ, ಏಕೆಂದರೆ ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಒಲೆಯ ಹಂಗಿಲ್ಲದೆ ವಾರಗಟ್ಟಲೆ ಉಳಿಯುತ್ತದೆ, ಶೇಂಗಾ ಚಟ್ನಿ ಅದಕ್ಕೆ ಪುಷ್ಟಿ ಸೇರಿಸುತ್ತದೆ. 2019ರ ಪ್ರವಾಹದಲ್ಲಿ ಊರೂರಿನ ಹೆಣ್ಣುಮಕ್ಕಳು ತಟ್ಟಿ ಕಳುಹಿಸಿದ ರೊಟ್ಟಿಯ ಕಟ್ಟುಗಳೇ ಪರಿಹಾರ ಕೇಂದ್ರಗಳಲ್ಲಿ ಹೊಟ್ಟೆ ತುಂಬಿಸಿದ್ದವು. ಹುರಿಹಿಟ್ಟು, ಗಟ್ಟಿ ಅವಲಕ್ಕಿ, ಬೆಲ್ಲ, ಹುರಿಗಡಲೆ, ಚಿಕ್ಕಿಗಳೂ ಇದೇ ಗುಂಪಿನವು. ಹಬ್ಬದ ಡಬ್ಬಿಯಲ್ಲಿ ಇವು ಎಂದೂ ಅಪರಿಚಿತರಲ್ಲ.

▌ ಬಾಕ್ಸ್: ಬಾಗಿಲ ಹಿಂದೆ ಅಂಟಿಸುವ ಚೀಟಿ
112 – ಎಲ್ಲ ತುರ್ತು ಸೇವೆಗಳಿಗೆ ಒಂದೇ ಸಂಖ್ಯೆ
108 – ಆಂಬುಲೆನ್ಸ್
101 – ಅಗ್ನಿಶಾಮಕ
1906 – ಅಡುಗೆ ಅನಿಲ ಸೋರಿಕೆ
1912 – ವಿದ್ಯುತ್ ದೂರು
1077 – ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ
ಇವುಗಳ ಕೆಳಗೆ ಇಬ್ಬರು ನೆರೆಯವರ, ಒಬ್ಬ ಊರಾಚೆಯ ಬಂಧುವಿನ, ಮನೆಯ ವೈದ್ಯರ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದುಕೊಡಿ. ಫೋನು ಸತ್ತಾಗ ಅದರೊಳಗಿನ ಸಂಖ್ಯೆಗಳೂ ಸಾಯುತ್ತವೆ.

ಕೊಡುವ ಬಗೆ

ಮಾರುಕಟ್ಟೆಯಲ್ಲಿ ಎಲ್ಲವನ್ನೂ ತುಂಬಿದ ಸಿದ್ಧ ಚೀಲಗಳು ಸಿಗುತ್ತವೆ, ಕೊಡುವವರಿಗೆ ಅದು ಸುಲಭ. ಆದರೆ ಆ ಚೀಲಕ್ಕೆ ಪಡೆದವರ ಮನೆ ಎಲ್ಲಿದೆಯೆಂದು ಗೊತ್ತಿಲ್ಲ. ಹತ್ತನೆಯ ಮಹಡಿಯಲ್ಲಿರುವವರಿಗೆ ಬೇಕಾದದ್ದು ಹೊಗೆಯ ಅಲಾರಂ, ಹೊಳೆ ದಂಡೆಯವರಿಗೆ ಕಾಗದದ ಚೀಲ, ಬೆಟ್ಟದ ಬದಿಯವರಿಗೆ ಸೀಟಿ ಮತ್ತು ಟಾರ್ಪಾಲು, ಸಕ್ಕರೆ ಕಾಯಿಲೆಯ ಹಿರಿಯರಿಗೆ ಒಂದು ವಾರದ ಹೆಚ್ಚುವರಿ ಔಷಧಿ ಮತ್ತು ಇನ್ನೊಂದು ಜೊತೆ ಕನ್ನಡಕ. ಮನೆಯನ್ನು ನೋಡಿ ಆರಿಸಿದ ಎರಡು ವಸ್ತುಗಳು, ನೋಡದೆ ಕೊಂಡ ಇಪ್ಪತ್ತು ವಸ್ತುಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಸಿದ್ಧ ಚೀಲದ ಇನ್ನೊಂದು ತೊಂದರೆಯೆಂದರೆ ಅದನ್ನು ಯಾರೂ ಬಿಚ್ಚುವುದಿಲ್ಲ. ಕೊಟ್ಟ ಸಂಜೆಯೇ ಮನೆಯ ದೀಪಗಳನ್ನು ಹತ್ತು ನಿಮಿಷ ಆರಿಸಿ, ಟಾರ್ಚು ಹುಡುಕಿಸಿ, ಮಕ್ಕಳಿಂದ ಸೀಟಿ ಊದಿಸಿ, ಮೈನ್ ಸ್ವಿಚ್ ಎಲ್ಲಿದೆಯೆಂದು ಎಲ್ಲರಿಗೂ ತೋರಿಸಿದರೆ, ವಸ್ತುವಿನ ಜೊತೆ ಅಭ್ಯಾಸವೂ ಕೈಸೇರುತ್ತದೆ. ಮಕ್ಕಳಿಗೆ ಇದು ಆಟ, ಆಟವಾಗಿ ಕಲಿತದ್ದು ಗಾಬರಿಯಲ್ಲೂ ನೆನಪಾಗುತ್ತದೆ.

ವರ್ಷಕ್ಕೊಮ್ಮೆ ಪರೀಕ್ಷಿಸಲು ಬೇರೆ ದಿನ ಹುಡುಕಬೇಕಿಲ್ಲ. ಆಯುಧಪೂಜೆಯಂದು ಕತ್ತಿ, ಗುದ್ದಲಿ, ಸೈಕಲ್ಲು, ಕಾರು, ಕಂಪ್ಯೂಟರುಗಳನ್ನೆಲ್ಲ ಒರೆಸಿ ಕುಂಕುಮವಿಡುವ ಮನೆಗಳಲ್ಲಿ ಟಾರ್ಚು, ರೇಡಿಯೊ, ಬೆಂಕಿ ನಂದಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆಯ ಡಬ್ಬಿಯೂ ಆ ಸಾಲಿಗೆ ಸೇರಬೇಕು. ಒರೆಸುವಾಗ ಸೆಲ್ಲು ಸೋರಿದ್ದೂ, ಮಾತ್ರೆಯ ಅವಧಿ ಮುಗಿದದ್ದೂ, ಸಿಲಿಂಡರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದದ್ದೂ ಕಣ್ಣಿಗೆ ಬೀಳುತ್ತವೆ. ಬದಲಿಸಬೇಕಾದದ್ದನ್ನು ಬದಲಿಸಲು ದೀಪಾವಳಿಗೆ ಇನ್ನೂ ಮೂರು ವಾರ ಇರುತ್ತದೆ.

▌ ಬಾಕ್ಸ್: ಇವು ಬೇಡ
ಹಾವು ಕಚ್ಚಿದ ಜಾಗವನ್ನು ಕೊಯ್ದು ಹೀರುವ ಕಿಟ್‌ಗಳು ಹಾನಿಯನ್ನೇ ಮಾಡುತ್ತವೆ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯುವುದೇ ದಾರಿ. ವೈದ್ಯರು ಬರೆದುಕೊಡದ ಆ್ಯಂಟಿಬಯೊಟಿಕ್‌ಗಳು, ಅವಧಿ ಮುಗಿದ ಮಾತ್ರೆಗಳು ಉಡುಗೊರೆಯಾಗಬಾರದು. ಅನಿಲದ ವಾಸನೆ ಬಂದಾಗ ಕಡ್ಡಿ ಗೀರುವುದೂ ಸ್ವಿಚ್ ಮುಟ್ಟುವುದೂ ಅಪಾಯವಾದ್ದರಿಂದ, ಮೇಣದ ಬತ್ತಿಯನ್ನು ಟಾರ್ಚಿಗೆ ಬದಲಾಗಿ ಕೊಡಬೇಡಿ.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲೋ ಕಡಲಾಚೆಯೋ ಎಂಬುದು ತೀರ್ಥಹಳ್ಳಿ, ಶಿರಸಿ, ಮೂಡಿಗೆರೆಗಳ ಕಡೆ ಈಗ ಸಾಮಾನ್ಯ ಚಿತ್ರ. ದುಬಾರಿ ಫೋನು ಕಳುಹಿಸುವ ಮಕ್ಕಳು ಅದರ ಜೊತೆ ತಲೆಯ ಟಾರ್ಚು, ಗೋಡೆಯ ಚೀಟಿ ಮತ್ತು ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪನ್ನು ಹಾಕಿಕೊಟ್ಟರೆ, ಮಳೆಗಾಲದ ರಾತ್ರಿಗಳಲ್ಲಿ ಎರಡೂ ಕಡೆಯವರಿಗೆ ಸ್ವಲ್ಪ ನಿದ್ದೆ ಹತ್ತೀತು.

ಉಡುಗೊರೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ ಹೆಸರುಗಳು ಮನೆಗೆಲಸದವರದು, ಕಾವಲುಗಾರರದು, ಕಸ ಒಯ್ಯುವವರದು. ನಗರದ ತಗ್ಗಿನಲ್ಲಿ, ರಾಜಕಾಲುವೆಯ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ವಾಸಿಸುವ ಅವರ ಮನೆಗಳಿಗೇ ನೀರು ಮೊದಲು ನುಗ್ಗುತ್ತದೆ, ರೇಷನ್ ಕಾರ್ಡು ನೆನೆಯುವುದೂ ಮಗುವಿಗೆ ಭೇದಿ ಹಿಡಿಯುವುದೂ ಅಲ್ಲೇ ಮೊದಲು. ಹಬ್ಬದ ಹಣಕ್ಕೆ ಬದಲಾಗಿ ಅಲ್ಲ, ಹಬ್ಬದ ಹಣದ ಜೊತೆಗೆ, ಅವರಿಗೆ ಒಂದು ಟಾರ್ಚು, ನೀರು ಹೊಗದ ಚೀಲ, ಐದು ಓಆರ್‌ಎಸ್ ಪೊಟ್ಟಣ ಮತ್ತು ಕ್ಲೋರಿನ್ ಮಾತ್ರೆಯ ಪಟ್ಟಿ ಕೊಡಬೇಕು. ನೀರು ಬಂದ ರಾತ್ರಿ ಯಾರಿಗೆ ಫೋನು ಮಾಡಬಹುದೆಂಬ ಚೀಟಿಯಲ್ಲಿ ಕೊಡುವವರು ತಮ್ಮ ಸಂಖ್ಯೆಯನ್ನೂ ಬರೆದುಕೊಡಬೇಕು.